ಜರ್ಮನಿಯಲ್ಲಿ ಒಂದು ಎಕ್ಸ್‌ಚೇಂಜ್ ವರ್ಷ: ಹೋಗುವವರು, ಕಳಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಅಕ್ಟೋಬರ್‌ನಿಂದ 2025ರ ಜುಲೈ ಕೊನೆಯವರೆಗೆ ನಾನು ದಕ್ಷಿಣ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿದ್ದೆ. ನನ್ನೂರು ಧಾರವಾಡ. ವಾಪಸ್ ಬಂದಾಗಿನಿಂದ ಜೂನಿಯರ್‌ಗಳು, ಅವರ ಅಪ್ಪ ಅಮ್ಮ, ಒಮ್ಮೊಮ್ಮೆ ಪರಿಚಯವೇ ಇಲ್ಲದವರು ಫೋನ್ ಮಾಡುತ್ತಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಹಾಗಾಗಿ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಕೆಲವಕ್ಕೆ ನಾಲ್ಕು ಸಾಲು ಸಾಕು. ನಾನೇ ಒದ್ದಾಡಿದ ವಿಷಯಗಳಿಗೆ ಉತ್ತರ ಉದ್ದವಾಗಿದೆ.

ಎಕ್ಸ್‌ಚೇಂಜ್ ಅಂದರೆ ಅಲ್ಲೇ ಡಿಗ್ರಿ ಮಾಡೋದಾ?

ಅಲ್ಲ. ಡಿಗ್ರಿ ನಿಮ್ಮ ಕಾಲೇಜಿನದೇ. ನಿಮ್ಮ ಯೂನಿವರ್ಸಿಟಿಗೂ ಅಲ್ಲಿನ ಯೂನಿವರ್ಸಿಟಿಗೂ ಒಪ್ಪಂದ ಇರುತ್ತದೆ. ಒಂದೋ ಎರಡೋ ಸೆಮಿಸ್ಟರ್ ಅಲ್ಲಿ ಓದಿ, ಅಂಕಪಟ್ಟಿ ತಂದು, ಇಲ್ಲಿ ಡಿಗ್ರಿ ಮುಗಿಸುತ್ತೀರಿ.

ಇದರಲ್ಲಿ ದೊಡ್ಡ ಲಾಭ ಫೀಸಿನದು. ಟ್ಯೂಬಿಂಗನ್ ಇರುವುದು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ. ಆ ರಾಜ್ಯ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರ ಹತ್ತಿರ ಸೆಮಿಸ್ಟರ್‌ಗೆ 1,500 ಯೂರೋ ಫೀಸ್ ತೆಗೆದುಕೊಳ್ಳುತ್ತದೆ. ಒಪ್ಪಂದದ ಮೇಲೆ ಬರುವ ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಅದು ಇಲ್ಲ. ಸೆಮಿಸ್ಟರ್ ಬೈಟ್ರಾಗ್ ಅನ್ನುವ ಸಣ್ಣ ಮೊತ್ತ ಮಾತ್ರ ಇರುತ್ತದೆ.

ಒಂದು ಸೆಮಿಸ್ಟರ್ ಸಾಕಾ? ವರ್ಷ ಪೂರ್ತಿ ಬೇಕಾ?

ಆಗುವುದಾದರೆ ವರ್ಷ ಪೂರ್ತಿ ಹೋಗಿ. ಚಳಿಗಾಲದ ಸೆಮಿಸ್ಟರ್‌ನ ಪಾಠ ಅಕ್ಟೋಬರ್ ಮಧ್ಯಕ್ಕೆ ಶುರುವಾಗಿ ಫೆಬ್ರವರಿಯಲ್ಲಿ ಮುಗಿಯುತ್ತದೆ. ಬೇಸಿಗೆಯದು ಏಪ್ರಿಲ್ ಮಧ್ಯದಿಂದ ಜುಲೈ ಕೊನೆಯವರೆಗೆ. ಒಂದೇ ಸೆಮಿಸ್ಟರ್‌ಗೆ ಹೋದರೆ ಮೊದಲ ಎರಡು ತಿಂಗಳು ಕಾಗದಪತ್ರಕ್ಕೆ ಹೋಗುತ್ತವೆ, ಮುಂದಿನ ಎರಡು ಚಳಿಗೆ. ಭಾಷೆ ಕಿವಿಗೆ ಹತ್ತುವ ಹೊತ್ತಿಗೆ ಗಂಟುಮೂಟೆ ಕಟ್ಟಬೇಕು. ನನಗೆ ಗೆಳೆಯರು ಅಂತ ಸಿಕ್ಕಿದ್ದು ಮಾರ್ಚ್ ಆದ ಮೇಲೆ.

ಒಂದು ತೊಡಕಿದೆ. ನಮ್ಮ ಕಡೆ ಆಗಸ್ಟ್‌ಗೇ ಪಾಠ ಶುರು, ಡಿಸೆಂಬರ್‌ಗೆ ಪರೀಕ್ಷೆ. ಎರಡೂ ಕ್ಯಾಲೆಂಡರ್ ತಾಳೆಯಾಗುವುದಿಲ್ಲ. ಹೋಗುವ ಮುಂಚೆಯೇ ವಿಭಾಗದ ಮುಖ್ಯಸ್ಥರ ಹತ್ತಿರ ಕೂತು, ಯಾವ ಪೇಪರ್ ಬದಲಿಗೆ ಅಲ್ಲಿನ ಯಾವ ಕೋರ್ಸ್ ಒಪ್ಪುತ್ತಾರೆ ಅಂತ ಬರೆಸಿಕೊಳ್ಳಿ. ಇದಕ್ಕೆ ಲರ್ನಿಂಗ್ ಅಗ್ರಿಮೆಂಟ್ ಅನ್ನುತ್ತಾರೆ. ಬಾಯಿಮಾತಿನಲ್ಲಿ "ನೋಡೋಣ ಬಿಡು" ಅಂದಿದ್ದನ್ನು ನಂಬಿ ವಿಮಾನ ಹತ್ತಬೇಡಿ. ಸಹಿ ಬೇಕು.

ಜರ್ಮನ್ ಎಷ್ಟು ಬರಬೇಕು?

ಕೋರ್ಸ್ ಇಂಗ್ಲಿಷಿನಲ್ಲಿದ್ದರೆ ಕಾಗದದ ಮೇಲೆ ಸೊನ್ನೆ ಬಂದರೂ ನಡೆಯುತ್ತದೆ. ಬದುಕುವುದಕ್ಕೆ ಮಾತ್ರ ಎ2 (ಭಾಷೆಯ ಆರು ಹಂತಗಳಲ್ಲಿ ಎರಡನೆಯದು) ಆದರೂ ಮಾಡಿಕೊಂಡು ಹೋಗಿ. ಬೆಂಗಳೂರಿನವರಿಗೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಉಳಿದವರಿಗೆ ಆನ್‌ಲೈನ್ ಕ್ಲಾಸ್‌ಗಳಿವೆ. ನಾನು ಎ2 ಮುಗಿಸಿ ಹೋಗಿದ್ದೆ. ಸ್ಟುಟ್‌ಗಾರ್ಟ್‌ನಲ್ಲಿ ಇಳಿದ ದಿನ ಒಂದು ಅಕ್ಷರ ಅರ್ಥವಾಗಲಿಲ್ಲ. ಆ ಸೀಮೆಯವರು ಮಾತಾಡುವುದು ಶ್ವೇಬಿಷ್. ಪುಸ್ತಕದ ಜರ್ಮನ್ ಬೇರೆ, ಅದು ಬೇರೆ. ಎಲ್ಲದಕ್ಕೂ ಕೊನೆಯಲ್ಲಿ "ಲೆ" ಸೇರಿಸುತ್ತಾರೆ. ಪುಟ್ಟ ಮನೆ "ಹೊಯ್ಸ್‌ಲೆ" ಆಗುತ್ತದೆ. ಬೆಂಗಳೂರಿನವರು ಮೊದಲ ಸಲ ಧಾರವಾಡದ ಮಾರ್ಕೆಟ್ಟಿಗೆ ಬಂದಂತೆ ಅಂದುಕೊಳ್ಳಿ. ಹೆದರಬೇಡಿ. "ಸ್ವಲ್ಪ ನಿಧಾನವಾಗಿ ಹೇಳ್ತೀರಾ?" ಅಂತ ಜರ್ಮನ್‌ನಲ್ಲಿ ಕೇಳಿದರೆ ನಿಜವಾಗಿಯೂ ನಿಧಾನವಾಗಿ ಹೇಳುತ್ತಾರೆ.

ಟ್ಯೂಬಿಂಗನ್ ಅಂದರೆ ಕಿಟ್ಟೆಲ್ ಅವರ ಊರಲ್ವಾ?

ಅವರು ಹುಟ್ಟಿದ್ದು ಅಲ್ಲಲ್ಲ, ಉತ್ತರದ ಕಡಲ ಸೀಮೆಯಲ್ಲಿ, 1832ರಲ್ಲಿ. ಆದರೆ ಕೊನೆಯ ದಿನಗಳನ್ನು ಕಳೆದಿದ್ದು ಟ್ಯೂಬಿಂಗನ್‌ನಲ್ಲಿ. 1903ರಲ್ಲಿ ತೀರಿಕೊಂಡಿದ್ದೂ ಅಲ್ಲೇ. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗನ್ ಯೂನಿವರ್ಸಿಟಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಕೂಡ ಇದೇ ಯೂನಿವರ್ಸಿಟಿಯಲ್ಲಿ.

ನನಗೆ ಇದು ಬರೀ ಇತಿಹಾಸ ಅನಿಸಲಿಲ್ಲ. ಕಿಟ್ಟೆಲ್ ಧಾರವಾಡ, ಹುಬ್ಬಳ್ಳಿ ಕಡೆ ಇದ್ದವರು. ಒಂದು ಪದವೂ ಬಾರದ ಊರಿಗೆ ಬಂದು, ಜನರನ್ನು ಕೇಳಿ ಕೇಳಿ ನಮ್ಮ ಭಾಷೆ ಕಲಿತರು. ನವೆಂಬರ್‌ನಲ್ಲಿ ಬೇಕರಿಯ ಮುಂದೆ ನಿಂತು, ಒಳಗೆ ಹೋಗಿ ಏನಂತ ಕೇಳಲಿ ಅಂತ ಬಾಯಲ್ಲೇ ಹೇಳಿಕೊಳ್ಳುವಾಗ ಅವರ ನೆನಪಾಗುತ್ತಿತ್ತು.

ಒಟ್ಟು ಎಷ್ಟು ದುಡ್ಡು ಬೇಕು?

ವೀಸಾಕ್ಕೆ ತೋರಿಸಬೇಕಾದ ಮೊತ್ತ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಇದು 2024ರ ಸೆಪ್ಟೆಂಬರ್‌ನಿಂದ ಬಂದ ಲೆಕ್ಕ. ಯೂರೋಗೆ 100 ರೂಪಾಯಿ ಅಂತ ಹಿಡಿದರೆ ಸುಮಾರು 12 ಲಕ್ಷ. ಈ ಅಂಕಿ ಆಗಾಗ ಏರುತ್ತದೆ, ಅರ್ಜಿ ಹಾಕುವ ವಾರ ಮತ್ತೊಮ್ಮೆ ನೋಡಿಕೊಳ್ಳಿ.

ಈ ಹಣ ಫೀಸ್ ಅಲ್ಲ, ನಿಮ್ಮದೇ ಹಣ. ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ನಿಮ್ಮ ಕೈಗೆ ಬರುತ್ತದೆ. ಅದಕ್ಕಿಂತ ಜಾಸ್ತಿ ಒಂದೇ ಸಲ ತೆಗೆಯಲು ಬರುವುದಿಲ್ಲ. ಹಾಗಾಗಿ ಮೊದಲ ತಿಂಗಳ ಅಡ್ವಾನ್ಸು, ಹಾಸಿಗೆ, ಪಾತ್ರೆಗೆ ಅಂತ ಬೇರೆ ಒಂದು ಸಾವಿರ ಯೂರೋ ಕೈಯಲ್ಲಿರಲಿ. ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಮೊದಲ ಮೂರು ವಾರ ಬ್ರೆಡ್ಡು, ಬಾಳೆಹಣ್ಣಿನಲ್ಲಿ ಕಳೆದೆ.

ನನ್ನ ತಿಂಗಳ ಖರ್ಚು ಹೀಗಿತ್ತು. ಹಾಸ್ಟೆಲ್ ರೂಮು 310. ಆರೋಗ್ಯ ವಿಮೆ 140ರಿಂದ 150ರ ನಡುವೆ. ಅಡುಗೆ ಸಾಮಾನು, ಯೂನಿವರ್ಸಿಟಿ ಕ್ಯಾಂಟೀನಿನ ಊಟ ಸೇರಿ 200. ಫೋನು 10. ಉಳಿದದ್ದು ಓಡಾಟ, ಬಟ್ಟೆ. 800 ದಾಟಿದ್ದು ಎರಡೇ ತಿಂಗಳು. ಮ್ಯೂನಿಕ್‌ನಂಥ ಊರಿನಲ್ಲಿ ರೂಮಿನ ಬಾಡಿಗೆಯೇ ಈ ಲೆಕ್ಕವನ್ನು ಬುಡಮೇಲು ಮಾಡುತ್ತದೆ.

ಸ್ಕಾಲರ್‌ಶಿಪ್ ಕೇಳದೆ ಬಿಡಬೇಡಿ. ವಿದ್ಯಾರ್ಥಿ ವಿನಿಮಯ ನೋಡಿಕೊಳ್ಳುವ ಜರ್ಮನಿಯ ಡಿಎಎಡಿ (DAAD) ಸಂಸ್ಥೆಯದು ಇದೆ. ಈ ರಾಜ್ಯದ ಯೂನಿವರ್ಸಿಟಿಗಳಿಗೆ ಒಪ್ಪಂದದ ಮೇಲೆ ಬರುವವರಿಗೆ ಬಾಡೆನ್-ವ್ಯುರ್ಟೆಂಬರ್ಗ್ ಸ್ಟಿಪೆಂಡಿಯಂ ಅಂತ ಇನ್ನೊಂದಿದೆ. ಎರಡನೆಯದರ ವಿಷಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ವೀಸಾ ಕಷ್ಟವಾ?

ಕಷ್ಟಕ್ಕಿಂತ ಹೆಚ್ಚಾಗಿ ತಾಳ್ಮೆಯ ಕೆಲಸ. ಬೇಕಾಗಿರುವುದು ಡಿ ಮಾದರಿಯ ನ್ಯಾಷನಲ್ ವೀಸಾ, ಫೀಸು 75 ಯೂರೋ. ಬೆಂಗಳೂರಿನಲ್ಲೇ ಜರ್ಮನ್ ಕಾನ್ಸುಲೇಟ್ ಇದೆ. ಅಲ್ಲಿನ ಯೂನಿವರ್ಸಿಟಿಯ ಪತ್ರ ಕೈಗೆ ಬಂದ ದಿನವೇ ಅರ್ಜಿಯ ಕೆಲಸ ಶುರು ಮಾಡಿ. ಪ್ರವಾಸದ ಶೆಂಗೆನ್ ವೀಸಾದಲ್ಲಿ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಹೋಗಿ ಅಲ್ಲಿ ಬದಲಾಯಿಸಿಕೊಳ್ಳಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ನಮ್ಮ ಪಾಸ್‌ಪೋರ್ಟ್‌ಗೆ ಅದು ನಡೆಯುವುದಿಲ್ಲ.

ಇಳಿದ ಮೇಲೆ ಮೊದಲು ಏನು ಮಾಡಬೇಕು?

ಇಲ್ಲಿ ಒಂದು ಸರಪಳಿ ಇದೆ. ಅದರ ಕ್ರಮ ತಪ್ಪಿದರೆ ಎಲ್ಲವೂ ನಿಂತುಬಿಡುತ್ತದೆ.

ರೂಮು ಕೊಟ್ಟವರಿಂದ ಒಂದು ಪತ್ರ ಪಡೆಯಬೇಕು, "ಇವರು ನಮ್ಮಲ್ಲಿ ವಾಸಕ್ಕೆ ಬಂದಿದ್ದಾರೆ" ಅಂತ. ಅದನ್ನು ಹಿಡಿದು ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದೇ ಅನ್‌ಮೆಲ್ಡುಂಗ್. ಆ ಕಾಗದ ಬ್ಯಾಂಕಿಗೆ ಬೇಕು. ಬ್ಯಾಂಕ್ ಖಾತೆಯಾದರೆ ಬ್ಲಾಕ್ಡ್ ಅಕೌಂಟಿನ ಹಣ ಬರುತ್ತದೆ. ವಿಮೆಯ ದಾಖಲೆ ಯೂನಿವರ್ಸಿಟಿಗೆ ಬೇಕು. ಅಲ್ಲಿ ದಾಖಲಾದ ಕಾಗದ ಸಿಕ್ಕ ಮೇಲೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿ. ಪ್ರತಿಯೊಂದಕ್ಕೂ ಟರ್ಮಿನ್, ಅಂದರೆ ಮೊದಲೇ ಸಮಯ ಗೊತ್ತು ಮಾಡಿಕೊಳ್ಳುವುದು. ಸುಮ್ನೆ ಹೋಗಿ ಕ್ಯೂನಲ್ಲಿ ನಿಂತರೆ ಎಷ್ಟೋ ಕಡೆ ಕೆಲಸ ಆಗುವುದಿಲ್ಲ.

ಕಾಗದಪತ್ರ ಬರುವುದು ಅಂಚೆಯಲ್ಲಿ. ಆದ್ದರಿಂದ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಇರಲೇಬೇಕು. ನನ್ನ ಡಬ್ಬಿಯ ಮೇಲೆ ಹಿಂದಿನವರ ಹೆಸರೇ ಉಳಿದಿತ್ತು. ಬ್ಯಾಂಕ್ ಕಾರ್ಡು ಎರಡು ಸಲ ವಾಪಸ್ ಹೋಯಿತು. ಕೊನೆಗೆ ಒಂದು ಚೀಟಿ ಅಂಟಿಸಿದೆ, ಮೂರನೇ ದಿನಕ್ಕೆ ಕಾರ್ಡು ಬಂತು.

ನೋಂದಣಿಯಾಗಿ ಸ್ವಲ್ಪ ದಿನಕ್ಕೆ ರುಂಡ್‌ಫುಂಕ್ ಬೈಟ್ರಾಗ್ ಅಂತ ರೇಡಿಯೋ-ಟಿವಿ ಶುಲ್ಕದ ಪತ್ರ ಬರುತ್ತದೆ, ಮನೆಗೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಅಂತ ಎಸೆಯಬೇಡಿ. ಟಿವಿ ಇರಲಿ ಬಿಡಲಿ, ಕಟ್ಟಲೇಬೇಕು. ಒಂದೇ ಮನೆಯಲ್ಲಿ ನಾಲ್ಕು ಜನ ಇದ್ದರೆ ಒಬ್ಬರು ಕಟ್ಟಿ ಹಂಚಿಕೊಂಡರಾಯಿತು.

ರೂಮು ಹೇಗೆ ಹುಡುಕುವುದು?

ಟ್ಯೂಬಿಂಗನ್ ಜನಸಂಖ್ಯೆ ಸುಮಾರು 90 ಸಾವಿರ. ಅದರಲ್ಲಿ ವಿದ್ಯಾರ್ಥಿಗಳೇ 28 ಸಾವಿರದ ಹತ್ತಿರ. ರೂಮಿಗೆ ಎಷ್ಟು ಪರದಾಟ ಅಂತ ಇದರಲ್ಲೇ ಗೊತ್ತಾಗುತ್ತದೆ. ಎಕ್ಸ್‌ಚೇಂಜ್‌ನವರಿಗೆ ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲ್‌ಗಳಲ್ಲಿ ಸ್ವಲ್ಪ ಜಾಗ ಮೀಸಲಿರುತ್ತದೆ. ಅರ್ಜಿಯಲ್ಲಿ "ಹಾಸ್ಟೆಲ್ ಬೇಕು" ಅನ್ನುವ ಡಬ್ಬಿಗೆ ಟಿಕ್ ಹಾಕಲು ಮರೆಯಬೇಡಿ. ನನಗೆ ಗುಡ್ಡದ ಮೇಲಿನ ವಾಲ್ಡ್‌ಹೊಯ್ಸರ್ ಓಸ್ಟ್‌ನಲ್ಲಿ ಸಿಕ್ಕಿತು. ಬಸ್ಸಿನಲ್ಲಿ ಇಳಿಯುವಾಗ ಕೆಳಗೆ ಹಳೇ ಊರು ಕಾಣುತ್ತದೆ. ಆ ನೋಟ ನನಗೆ ಒಂದು ದಿನವೂ ಸಾಕೆನಿಸಲಿಲ್ಲ.

ಹೊರಗೆ ಹುಡುಕುವವರು ಎರಡು ಪದ ತಿಳಿದಿರಬೇಕು. ಕಾಲ್ಟ್‌ಮೀಟೆ ಅಂದರೆ ಬರೀ ಬಾಡಿಗೆ. ವಾರ್ಮ್‌ಮೀಟೆ ಅಂದರೆ ಹೀಟರ್, ನೀರು ಸೇರಿಸಿ. ಜಾಹೀರಾತಿನಲ್ಲಿ ಯಾವುದು ಬರೆದಿದ್ದಾರೆ ನೋಡಿ. ಅಡ್ವಾನ್ಸು ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳಲು ಕಾನೂನಿನಲ್ಲಿ ಅವಕಾಶ ಇಲ್ಲ. "ನಾನು ಬೇರೆ ದೇಶದಲ್ಲಿದ್ದೇನೆ, ಹಣ ಕಳಿಸಿ, ಕೀಲಿ ಅಂಚೆಯಲ್ಲಿ ಕಳಿಸುತ್ತೇನೆ" ಅನ್ನುವವರು ಮೋಸಗಾರರು. ನನ್ನ ಜೊತೆ ಬಂದ ಒಬ್ಬರು ಹೀಗೆ 700 ಯೂರೋ ಕಳೆದುಕೊಂಡರು. ಆ ವಿಳಾಸಕ್ಕೆ ಹೋಗಿ ನೋಡಿದರೆ ಅದು ಕ್ಷೌರದಂಗಡಿ. ಅವತ್ತು ರಾತ್ರಿ ಅವರು ನನ್ನ ರೂಮಿನ ನೆಲದ ಮೇಲೆ ಮಲಗಿದರು. ಎಷ್ಟು ಅತ್ತರು ಅಂತ ನನಗೆ ಗೊತ್ತು. ದಯವಿಟ್ಟು ಎಚ್ಚರ.

ಇನ್ನೊಂದು ಕೆರ್‌ವೋಖೆ. ಇದು ಆ ಸೀಮೆಯ ಪದ್ಧತಿ. ಮೆಟ್ಟಿಲು, ಅಂಗಳ, ರಸ್ತೆ ಬದಿ ಗುಡಿಸುವ ಪಾಳಿ ವಾರಕ್ಕೊಬ್ಬರದು. ಬಾಗಿಲಿಗೆ ಒಂದು ಫಲಕ ನೇತು ಹಾಕಿದರೆ ಈ ವಾರ ನಿಮ್ಮದು ಅಂತ ಅರ್ಥ. ನೆರೆಯವರ ವಿಶ್ವಾಸ ಗಳಿಸಲು ಇದಕ್ಕಿಂತ ಸುಲಭದ ದಾರಿ ನಾನು ಕಾಣಲಿಲ್ಲ. ಕಸವನ್ನೂ ಬೇರೆ ಬೇರೆ ಡಬ್ಬಿಗೆ ಹಾಕಬೇಕು. ನೀರಿನ, ಜ್ಯೂಸಿನ ಪ್ಲಾಸ್ಟಿಕ್ ಬಾಟಲಿ ಮಾತ್ರ ಎಸೆಯಬೇಡಿ. ಅದರ ಮೇಲೆ 25 ಸೆಂಟ್ ಠೇವಣಿ ಇರುತ್ತದೆ, ಅಂಗಡಿಯ ಮಷಿನ್‌ಗೆ ಹಾಕಿದರೆ ವಾಪಸ್ ಬರುತ್ತದೆ. ನಲ್ಲಿಯ ನೀರನ್ನೇ ಕುಡಿಯಬಹುದು.

ನಾವು ಸಸ್ಯಾಹಾರಿಗಳು. ಮಗಳು ಏನು ತಿಂತಾಳೆ?

ಇದು ಅಮ್ಮಂದಿರ ಮೊದಲ ಪ್ರಶ್ನೆ. ಉಪವಾಸ ಬೀಳುವುದಿಲ್ಲ, ಚಿಂತೆ ಬೇಡ. ಮೆನ್ಸಾ ಅಂದರೆ ಯೂನಿವರ್ಸಿಟಿಯ ಊಟದ ಮನೆ. ಅಲ್ಲಿ ದಿನವೂ ಮಾಂಸ ಇಲ್ಲದ ಅಡುಗೆ ಇರುತ್ತದೆ. ಕೇಸ್‌ಷ್ಪೆಟ್ಸ್‌ಲೆ ಅಂತ ಚೀಸ್ ಹಾಕಿದ ಶ್ಯಾವಿಗೆಯಂಥದ್ದು ಸಿಗುತ್ತದೆ, ಹೊಟ್ಟೆ ತುಂಬುತ್ತದೆ. ಅದರಲ್ಲಿ ಮೊಟ್ಟೆ ಇದೆ. ಮೊಟ್ಟೆಯೂ ತಿನ್ನದವರು "ವೆಗಾನ್" ಅಂತ ಬರೆದದ್ದನ್ನು ಹುಡುಕಬೇಕು. ಮೆತ್ತನೆಯ ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್, ಕೆಲವು ಚೀಸ್‌ನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ. ಆ ಊರಿನ ಬೇಳೆ ಸಾರಿನಂಥ ಲಿನ್ಸನ್ ಜೊತೆ ಸಾಮಾನ್ಯವಾಗಿ ಸಾಸೇಜ್ ಬರುತ್ತದೆ, ಬೇಡ ಅಂತ ಹೇಳಬೇಕು.

ಮನೆಯಿಂದ ಏನು ತರಬಹುದು? ತುಪ್ಪ, ಪನೀರ್, ಹಾಲಿನ ಪುಡಿ ಬೇಡ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವು, ಮಾವಿನಹಣ್ಣೂ ಪ್ರಮಾಣಪತ್ರ ಇಲ್ಲದೆ ಆಗುವುದಿಲ್ಲ. ನಮ್ಮವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಟ್ಟಿದ್ದರು. ರೊಟ್ಟಿಯನ್ನು ಡಬ್ಬದಲ್ಲಿ ಜೋಡಿಸಿ ನಡುವೆ ಕಾಗದ ಇಟ್ಟಿದ್ದರು. ಡಿಸೆಂಬರ್‌ವರೆಗೆ ಬಂತು. ಆ ಚಳಿಯಲ್ಲಿ, ಹೊರಗೆ ಹಿಮ ಬೀಳುವಾಗ, ಸೀದಾ ಡಬ್ಬದಿಂದ ರೊಟ್ಟಿ ಮುರಿದು ಮೊಸರು, ಹಿಂಡಿಯಲ್ಲಿ ಅದ್ದಿ ತಿಂದಿದ್ದೇನೆ. ಅಲ್ಲಿನ ಕೆನೆ ಇರುವ ಸಾದಾ ಯೋಗುರ್ಟ್ ನಮ್ಮ ಮೊಸರಿಗೆ ತುಂಬಾ ಹತ್ತಿರ. ಬೇಳೆ, ಅಕ್ಕಿ, ಸಾಸಿವೆ ಎಲ್ಲ ಸಿಗುತ್ತವೆ. ದೊಡ್ಡ ಇಂಡಿಯನ್ ಅಂಗಡಿಗಳಿಗೆ ಸ್ಟುಟ್‌ಗಾರ್ಟ್‌ಗೆ ಹೋಗಬೇಕು, ರೈಲಿನಲ್ಲಿ ಸುಮಾರು ಒಂದು ಗಂಟೆ.

ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯಿರಿ. ಪ್ರತಿ ರೂಮಿನಲ್ಲೂ ಹೊಗೆ ಪತ್ತೆ ಮಾಡುವ ಯಂತ್ರ ಇರುತ್ತದೆ. ಒಣಮೆಣಸಿನಕಾಯಿ ಕರಿದರೆ ಅದು ಕೂಗಿಕೊಳ್ಳುತ್ತದೆ.

ಜೊತೆಗೆ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಳ್ಳಿ. ಟ್ಯೂಬಿಂಗನ್‌ನಲ್ಲಿ 2022ರಿಂದ ಪಾರ್ಸಲ್ ಕೊಡುವ ಬಿಸಾಡುವ ಲೋಟ, ತಟ್ಟೆಗೆ 50 ಸೆಂಟ್ ತೆರಿಗೆ ಇದೆ. ಡಬ್ಬಿ ಕೊಟ್ಟರೆ ಖುಷಿಯಿಂದ ಅದರಲ್ಲೇ ಹಾಕಿಕೊಡುತ್ತಾರೆ.

ಪಾಠ ಹೇಗಿರುತ್ತದೆ? ಮಾರ್ಕ್ಸು?

ಮಾರ್ಕ್ಸು ತಲೆಕೆಳಗು. 1.0 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 4.0 ಬಂದರೆ ಪಾಸು, 5.0 ಫೇಲು. ಸೆಮಿಸ್ಟರ್‌ಗೆ ಪೂರ್ತಿ ಹೊರೆ ಅಂದರೆ 30 ಕ್ರೆಡಿಟ್. ಎಕ್ಸ್‌ಚೇಂಜ್‌ನವರು ಮೊದಲ ಸೆಮಿಸ್ಟರ್‌ಗೆ 20ರ ಸುತ್ತ ಇಟ್ಟುಕೊಂಡರೆ ಉಸಿರಾಡಬಹುದು. ನಿಮ್ಮ ಕಾಲೇಜು ಒಪ್ಪಬೇಕು ಅಷ್ಟೆ.

ವೇಳಾಪಟ್ಟಿಯಲ್ಲಿ ಸಮಯದ ಪಕ್ಕ "ಸಿ.ಟಿ." ಅಂತ ಇದ್ದರೆ ಪಾಠ ಕಾಲು ಗಂಟೆ ತಡವಾಗಿ ಶುರು. 10 ಅಂದರೆ 10:15. "ಎಸ್.ಟಿ." ಇದ್ದರೆ ಸರಿಯಾಗಿ 10ಕ್ಕೆ. ಲೆಕ್ಚರ್ ಮುಗಿದಾಗ ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಮೊದಲ ದಿನ ಇನ್ನೂರು ಜನ ಒಟ್ಟಿಗೆ ಕುಟ್ಟಿದಾಗ ನನ್ನ ಎದೆ ಝಲ್ಲೆಂದಿತು. ಈಗಲೂ ಒಳ್ಳೆಯ ಭಾಷಣ ಕೇಳಿದರೆ ಕೈ ಮೇಜಿನ ಕಡೆಗೇ ಹೋಗುತ್ತದೆ.

ಕಷ್ಟ ಇರುವುದು ಸೆಮಿನಾರಿನಲ್ಲಿ. ಹದಿನೈದು ಇಪ್ಪತ್ತು ಜನ ಸುತ್ತ ಕೂತು ಒಂದು ಲೇಖನದ ಬಗ್ಗೆ ಮಾತಾಡುತ್ತಾರೆ. ಟಿಪ್ಪಣಿ ಬರೆಸುವುದಿಲ್ಲ. ನೀವು ಬಾಯಿ ತೆರೆಯಬೇಕು. ನಾನು ಐದು ವಾರ ಸುಮ್ಮನೆ ಕೂತಿದ್ದೆ. ನಮ್ಮಲ್ಲಿ ಮೇಷ್ಟ್ರ ಎದುರು ಸುಮ್ಮನಿರುವುದು ಮರ್ಯಾದೆ. ಅಲ್ಲಿ ಅದೇ ಮೌನವನ್ನು "ಇವರು ಓದಿಕೊಂಡು ಬಂದಿಲ್ಲ" ಅಂತ ತಿಳಿಯುತ್ತಾರೆ. ಆರನೇ ವಾರ ಪ್ರೊಫೆಸರ್ ಅವರನ್ನು ಅವರ ಭೇಟಿಯ ಸಮಯದಲ್ಲಿ ಹೋಗಿ ಕಂಡೆ. "ನನಗೆ ಮಾತಾಡಲು ಹೆದರಿಕೆ" ಅಂತ ಇದ್ದಿದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಒಂದು ಉಪಾಯ ಹೇಳಿದರು. ಉತ್ತರ ಹೇಳಬೇಕಾಗಿಲ್ಲ, ವಾರಕ್ಕೆ ಒಂದು ಪ್ರಶ್ನೆ ಬರೆದುಕೊಂಡು ಬಾ, ಮೊದಲ ಹತ್ತು ನಿಮಿಷದಲ್ಲೇ ಕೇಳಿಬಿಡು. ಅದು ಕೆಲಸ ಮಾಡಿತು. ನಿಮಗೂ ಅದನ್ನೇ ಹೇಳುತ್ತೇನೆ.

ಪರೀಕ್ಷೆಗೆ ಬೇರೆಯಾಗಿ ಹೆಸರು ನೋಂದಾಯಿಸಬೇಕಾಗುತ್ತದೆ. ಕೋರ್ಸ್‌ಗೆ ಹೆಸರಿದ್ದರೆ ಪರೀಕ್ಷೆಗೂ ಇದೆ ಅಂತ ತಿಳಿಯಬೇಡಿ. ಕೊನೆಯ ದಿನಾಂಕ ದಾಟಿದರೆ ಬೇಡಿಕೊಂಡರೂ ಸೇರಿಸುವುದಿಲ್ಲ. ನಾನು ಒಂದು ಪೇಪರ್ ಹೀಗೆ ಕಳೆದುಕೊಂಡೆ.

ಜರ್ಮನ್ನರು ಮಾತೇ ಆಡಲ್ಲವಂತೆ, ನಿಜವಾ?

ನನಗೂ ಮೊದಲ ತಿಂಗಳು ಹಾಗೇ ಅನಿಸಿತ್ತು. ಒಂದು ಸಂಜೆಯ ಕಥೆ ಹೇಳುತ್ತೇನೆ. ಅಕ್ಟೋಬರ್‌ನಲ್ಲಿ ಒಬ್ಬ ಸಹಪಾಠಿಯ ಮನೆಗೆ ಊಟಕ್ಕೆ ಕರೆದಿದ್ದರು. ಅವರಮ್ಮ ಸೂಪಿನ ಪಾತ್ರೆ ಹಿಡಿದು "ಇನ್ನೂ ಸ್ವಲ್ಪ?" ಅಂದರು. ಹಸಿದಿದ್ದೆ. ಆದರೂ ಅಭ್ಯಾಸದಂತೆ "ಬೇಡ, ಸಾಕು" ಅಂದೆ. ನಮ್ಮಲ್ಲಾದರೆ ಬೇಡ ಅಂದಷ್ಟೂ ಬಡಿಸುತ್ತಾರೆ, ಅಲ್ವಾ? ಅವರು "ಸರಿ" ಅಂತ ಪಾತ್ರೆ ಒಳಗೆ ಇಟ್ಟರು. ರೂಮಿಗೆ ಬಂದು ಅವಲಕ್ಕಿ ತಿಂದು ಮಲಗಿದೆ. ಎಂಥ ಜನ ಅಂತ ಮನಸ್ಸಿಗೆ ಬೇಸರವಾಗಿತ್ತು.

ಅದು ಬೇರೆಯೇ ರೀತಿಯ ಮರ್ಯಾದೆ ಅಂತ ತಿಳಿಯಲು ಜನವರಿ ಬರಬೇಕಾಯಿತು. ನೀವು ಹೇಳಿದ ಮಾತನ್ನು ಅವರು ನಂಬುತ್ತಾರೆ. ಬೇಡ ಅಂದರೆ ಬೇಡ. ಬೇಕು ಅಂದರೆ ತಟ್ಟೆ ತುಂಬಾ ಕೊಡುತ್ತಾರೆ. ಒಬ್ಬರೇ ಇದ್ದೀರಿ ಅಂತ ಬಂದು ಮಾತಾಡಿಸುವುದಿಲ್ಲ, ಯಾಕೆಂದರೆ ಒಬ್ಬರೇ ಇರುವುದು ನಿಮ್ಮ ಇಷ್ಟ ಅಂದುಕೊಂಡಿರುತ್ತಾರೆ. "ನನಗೆ ಯಾರೂ ಗೊತ್ತಿಲ್ಲ, ನಿಮ್ಮ ಜೊತೆ ಬರಬಹುದಾ?" ಅಂತ ನಾನು ಕೇಳಿದ ಒಂದು ಸಲವೂ ಇಲ್ಲ ಅನ್ನಲಿಲ್ಲ. ಹೀಗೆ ಕೇಳಿಯೇ ನೆಕಾರ್ ನದಿಯಲ್ಲಿ ಗಳ ಹಾಕಿ ನಡೆಸುವ ಉದ್ದ ದೋಣಿ ಹತ್ತಿದೆ. ಬೇಸಿಗೆಯಲ್ಲಿ ಆ ದೋಣಿಗಳ ಸ್ಪರ್ಧೆ ನಡೆಯುತ್ತದೆ. ಸೋತ ತಂಡ ಮೀನಿನೆಣ್ಣೆ ಕುಡಿಯಬೇಕು, ದಡದ ಮೇಲೆ ಇಡೀ ಊರು ನಿಂತು ನೋಡುತ್ತದೆ.

ಕೆಲವು ಸಣ್ಣ ವಿಷಯ. ದೊಡ್ಡವರಿಗೆ, ಪ್ರೊಫೆಸರ್‌ಗೆ, ಅಂಗಡಿಯವರಿಗೆ "ಜೀ" ಅನ್ನಬೇಕು, ಅದು ನಮ್ಮ "ನೀವು". ವಿದ್ಯಾರ್ಥಿಗಳ ನಡುವೆ "ದು", ಅಂದರೆ "ನೀನು". ಈ ಭೇದ ಕನ್ನಡದವರಿಗೆ ಸಲೀಸು. ಹುಟ್ಟುಹಬ್ಬದ ಶುಭಾಶಯವನ್ನು ಒಂದು ದಿನ ಮುಂಚೆ ಹೇಳಬೇಡಿ, ಅಪಶಕುನ ಅನ್ನುತ್ತಾರೆ. ರಾತ್ರಿ 10ರ ಮೇಲೆ, ಭಾನುವಾರ ಪೂರ್ತಿ, ಗಲಾಟೆ ಬೇಡ.

ಭಾನುವಾರ ಅಂಗಡಿ ಮುಚ್ಚಿರುತ್ತವಾ?

ಹೌದು. ಬೇಕರಿ ಸ್ವಲ್ಪ ಹೊತ್ತು ತೆಗೆದಿರುತ್ತದೆ. ಶನಿವಾರವೇ ಸಾಮಾನು ತಂದಿಡಿ.

ಚಳಿ, ಕತ್ತಲೆ ತಡೆಯೋಕಾಗತ್ತಾ?

ಚಳಿ ತಡೆಯಬಹುದು. ದಪ್ಪ ಜಾಕೆಟ್ ಇಲ್ಲಿಂದ ಹೊರಬೇಡಿ, ಅಲ್ಲಿನದೇ ಆ ಚಳಿಗೆ ಸರಿ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಕತ್ತಲೆಯೇ ಕಷ್ಟ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟರ ಮೇಲೆ ಸೂರ್ಯ ಹುಟ್ಟುತ್ತಾನೆ, ಸಂಜೆ ನಾಲ್ಕೂವರೆಗೆ ಮುಳುಗುತ್ತಾನೆ. ನಡುವೆ ಮೋಡ. ನನಗೆ ಆ ತಿಂಗಳು ಎಚ್ಚರವಾದರೂ ಏಳಲು ಮನಸ್ಸಾಗುತ್ತಿರಲಿಲ್ಲ. ಸೋಮಾರಿತನ ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ನಿಮಗೂ ಹೀಗಾದರೆ ಬೈದುಕೊಳ್ಳಬೇಡಿ. ಮಧ್ಯಾಹ್ನ ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡೆಯಿರಿ, ಮಳೆ ಇದ್ದರೂ ಸರಿ. ಎರಡು ವಾರವಾದರೂ ಸರಿಹೋಗದಿದ್ದರೆ ವಿದ್ಯಾರ್ಥಿ ಸೇವಾ ಸಂಸ್ಥೆಯ ಆಪ್ತಸಲಹೆಗಾರರ ಹತ್ತಿರ ಹೋಗಿ. ನಾನು ಹೋಗಿದ್ದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆ ಅಂತರ, ಬೇಸಿಗೆಯಲ್ಲಿ ಮೂರೂವರೆ. ಮಕ್ಕಳು ಸಂಜೆ ಆರಕ್ಕೆ ರೂಮಿಗೆ ಬರುವಾಗ ನಿಮಗೆ ಹತ್ತೂವರೆ. ಆ ಡಿಸೆಂಬರ್ ಒಂದು ತಿಂಗಳು ಸ್ವಲ್ಪ ಎಚ್ಚರವಿದ್ದು ಫೋನ್ ಎತ್ತಿ.

ಪಾರ್ಟ್ ಟೈಮ್ ಕೆಲಸ ಮಾಡಬಹುದಾ?

ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಮಾಡಬಹುದು, 2024ರ ಮಾರ್ಚ್‌ನಿಂದ ಇದು ನಿಯಮ. ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯೂರೋ ಇತ್ತು, 2026ರ ಜನವರಿಯಿಂದ 13.90. ಆದರೆ ಈ ಹಣವನ್ನೇ ನಂಬಿ ಹೋಗಬೇಡಿ. ಚಿಕ್ಕ ಊರಿನಲ್ಲಿ ಭಾಷೆ ಬಾರದೆ ಕೆಲಸ ಸಿಗುವುದು ಕಷ್ಟ. ಇರುವುದೂ ಒಂದೇ ವರ್ಷ.

ಹುಷಾರು ತಪ್ಪಿದರೆ?

ಮೊದಲು ಹೌಸ್‌ಆರ್ಟ್ಸ್ಟ್, ಅಂದರೆ ಹತ್ತಿರದ ಮನೆ ಡಾಕ್ಟರ್. ವಿಮೆಯ ಕಾರ್ಡ್ ತೋರಿಸಿದರೆ ಸಾಕು. ರಾತ್ರಿ, ರಜಾದಿನಕ್ಕೆ 116117. ಜೀವಕ್ಕೆ ಅಪಾಯ ಅನಿಸಿದರೆ 112, ಪೊಲೀಸರಿಗೆ 110. ನಮ್ಮ ಮೆಡಿಕಲ್ ಶಾಪ್‌ನಲ್ಲಿ ಕೇಳಿದಂತೆ ಅಲ್ಲಿ ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡುವುದಿಲ್ಲ. ಜ್ವರ, ನೆಗಡಿಗೆ ಬಿಸಿ ಕಷಾಯ ಕುಡಿದು ಮಲಗು ಅಂತ ಡಾಕ್ಟರೇ ಹೇಳಿ ಕಳಿಸುತ್ತಾರೆ. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಡಾಕ್ಟರ್ ಚೀಟಿಯ ಸಮೇತ ತನ್ನಿ.

ಹೆಣ್ಣುಮಗಳನ್ನು ಒಬ್ಬಳೇ ಕಳಿಸಬಹುದಾ?

ಕಳಿಸಬಹುದು. ನನ್ನ ಗೆಳತಿಯರು ರಾತ್ರಿ ಹನ್ನೊಂದಕ್ಕೆ ಲೈಬ್ರರಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ದೊಡ್ಡ ಊರುಗಳ ರೈಲು ನಿಲ್ದಾಣದ ಸುತ್ತ ರಾತ್ರಿ ಎಚ್ಚರ ಬೇಕು. ಮೈಬಣ್ಣ ನೋಡಿ ಕೆಟ್ಟದಾಗಿ ಮಾತಾಡುವವರೂ ಇದ್ದಾರೆ. ನನಗೆ ಹತ್ತು ತಿಂಗಳಲ್ಲಿ ಎರಡು ಸಲ ಆಯಿತು. ಒಂದು ಸಲ ಬಸ್ಸಿನಲ್ಲಿದ್ದ ಒಬ್ಬ ಅಜ್ಜಿ ಎದ್ದು ನಿಂತು ಆ ಮನುಷ್ಯನಿಗೆ ಗದರಿ, ಬಂದು ನನ್ನ ಪಕ್ಕ ಕೂತರು. ಎರಡನ್ನೂ ಹೇಳುತ್ತಿದ್ದೇನೆ, ಯಾಕೆಂದರೆ ಎರಡೂ ನಡೆದಿವೆ.

ಯುರೋಪ್ ಸುತ್ತಬಹುದಾ?

ವಾಸದ ಪರವಾನಗಿ ಇದ್ದರೆ ಬೇರೆ ಶೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ಇರಬಹುದು. ಜರ್ಮನಿಯೊಳಗೆ ಡಾಯ್ಚ್‌ಲಾಂಡ್ ಟಿಕೆಟ್ ಇದೆ. ಸಿಟಿ ಬಸ್ಸು, ಟ್ರಾಮ್, ಪ್ಯಾಸೆಂಜರ್ ರೈಲು ಎಲ್ಲದಕ್ಕೂ ತಿಂಗಳಿಗೆ ಒಂದೇ ಟಿಕೆಟ್. ವೇಗದ ಐಸಿಇ ರೈಲಿಗೆ ನಡೆಯುವುದಿಲ್ಲ. ನಾನು ಹೋದಾಗ 49 ಯೂರೋ ಇತ್ತು, 2025ರ ಜನವರಿಗೆ 58 ಆಯಿತು, 2026ರ ಜನವರಿಯಿಂದ 63. ಈ ರಾಜ್ಯದಲ್ಲಿ 27ರೊಳಗಿನ ವಿದ್ಯಾರ್ಥಿಗಳಿಗೆ ಕಡಿಮೆ ದರದ್ದು ಬೇರೆಯೇ ಇದೆ, ಕೇಳಿ ಪಡೆಯಿರಿ.

ಅಲ್ಲಿ ಕನ್ನಡದವರು ಸಿಗ್ತಾರಾ?

ಸಿಗುತ್ತಾರೆ. ಸ್ಟುಟ್‌ಗಾರ್ಟ್, ಮ್ಯೂನಿಕ್, ಫ್ರಾಂಕ್‌ಫರ್ಟ್ ಸುತ್ತ ಕಾರು, ಸಾಫ್ಟ್‌ವೇರ್ ಕಂಪನಿಗಳಲ್ಲಿ ನಮ್ಮವರು ಬೇಕಾದಷ್ಟು. ಯುಗಾದಿ, ರಾಜ್ಯೋತ್ಸವಕ್ಕೆ ಸೇರುತ್ತಾರೆ. ಹೋಗಿ, ಹೋಳಿಗೆ ತಿನ್ನಿ. ಆದರೆ ಪ್ರತಿ ಶನಿವಾರ, ಭಾನುವಾರವೂ ಅಲ್ಲೇ ಕಳೆದರೆ ಬಂದ ಕೆಲಸ ಹಿಂದೆ ಬೀಳುತ್ತದೆ. ನಾನು ತಿಂಗಳಿಗೊಮ್ಮೆ ಅಂತ ಇಟ್ಟುಕೊಂಡಿದ್ದೆ.

ವಾಪಸ್ ಬರುವಾಗ ಏನೇನು ಮುಗಿಸಬೇಕು?

ಜೂನ್‌ನಲ್ಲೇ ಶುರು ಮಾಡಿ. ರೂಮು, ಫೋನ್, ವಿಮೆ, ಜಿಮ್ ಎಲ್ಲದಕ್ಕೂ ಮುಂಚಿತವಾಗಿ ಬರೆದು ತಿಳಿಸಬೇಕು. ಇಲ್ಲದಿದ್ದರೆ ನೀವು ಧಾರವಾಡದಲ್ಲಿದ್ದರೂ ಬಿಲ್ಲು ಬರುತ್ತಲೇ ಇರುತ್ತದೆ. ಊರಿನ ಕಚೇರಿಯಲ್ಲಿ ಅಬ್‌ಮೆಲ್ಡುಂಗ್, ಅಂದರೆ ವಿಳಾಸ ತೆಗೆಸುವುದು. ರೇಡಿಯೋ ಶುಲ್ಕ ನಿಲ್ಲಿಸಲು ಆ ಕಾಗದವೇ ಬೇಕು. ಅಂಕಪಟ್ಟಿ ಸಿದ್ಧವಾಗಲು ಪರೀಕ್ಷೆಯಾದ ಮೇಲೂ ವಾರಗಟ್ಟಲೆ ಹಿಡಿಯುತ್ತದೆ, ನಿಮ್ಮ ಕಾಲೇಜಿಗೆ ಮೊದಲೇ ಹೇಳಿಡಿ. ಬ್ಯಾಂಕ್ ಖಾತೆಯನ್ನು ಅಡ್ವಾನ್ಸ್ ವಾಪಸ್ ಬರುವವರೆಗೆ ಮುಚ್ಚಬೇಡಿ, ನನಗೆ ಅದು ಬಂದಿದ್ದು ಅಕ್ಟೋಬರ್‌ನಲ್ಲಿ.

ರೂಮು ಬಿಡುವ ದಿನ ಗೋಡೆಯ ಮೊಳೆಯ ತೂತು ಮುಚ್ಚಿ, ಒಲೆ ಉಜ್ಜಿ, ಕೀಲಿ ಕೊಟ್ಟು, ಸಹಿ ಮಾಡಿಸಿಕೊಳ್ಳಬೇಕು. ಅಡುಗೆಮನೆಯಲ್ಲಿ ಉಳಿದ ಬೇಳೆ, ಕುಕ್ಕರ್, ಮಸಾಲೆ ಡಬ್ಬಿಯನ್ನು ಮುಂದೆ ಬರುವವರಿಗೆ ಬಿಟ್ಟು ಬನ್ನಿ. ನಾನು ಕೆಳಗಿನ ಮಹಡಿಯ ಗೆಳತಿಯ ಹತ್ತಿರ ಕೊಟ್ಟು ಬಂದಿದ್ದೇನೆ. ನೀವು ಟ್ಯೂಬಿಂಗನ್‌ಗೇ ಹೋಗುವುದಾದರೆ ನನಗೆ ತಿಳಿಸಿ, ಕುಕ್ಕರ್ ಎಲ್ಲಿದೆ ಅಂತ ಹೇಳುತ್ತೇನೆ. ಅದರ ಗ್ಯಾಸ್ಕೆಟ್ ಸ್ವಲ್ಪ ಸಡಿಲವಾಗಿದೆ, ಇಲ್ಲಿಂದ ಒಂದು ಹೊಸದು ತೆಗೆದುಕೊಂಡು ಹೋಗಿ.